ಮೋಟಾರಿನ ಬಾನುಲಿಯ ದೂರು

ಒಂದು ಕೆಲಸವನ್ನು ಮಾಡಿಸಿ ಮುಗಿಸಿದ ಮರುದಿನವೇ ಮತ್ತೊಂದು ಕೆಲಸ ಬಂದು ಬಾಗಿಲಲ್ಲಿ ನಿಲ್ಲುವುದು ಸಂಸಾರಸ್ಥರೆಲ್ಲರೂ ಬಲ್ಲ ಸಂಗತಿ. ಮನೆಗೆ ಸುಣ್ಣ ಬಳಿಸಿದರೆ ಗೋಡೆಯ ಗಡಿಯಾರ ನಿಲ್ಲುತ್ತದೆ. ಹೆಂಚು ಕೈಯಾಡಿಸಿದರೆ ಅದುವರೆಗೆ ಸೋರದಿದ್ದ ಮೂಲೆ ಸೋರತೊಡಗುತ್ತದೆ. ಅಡುಗೆಮನೆಯ ನೆಲವನ್ನು ಹೊಸದಾಗಿ ಹಾಕಿಸಿದರೆ ಬಚ್ಚಲಿನ ನೀರು ಹೋಗದೆ ಕಟ್ಟಿಕೊಳ್ಳುತ್ತದೆ. ಆಗ ಮನೆಯ ಯಜಮಾನನಾದವನು ಕೆಲಸದವನನ್ನು ಬಯ್ಯುತ್ತಾನೆ. ಕೆಲಸದವನು, ತಾನು ಅದನ್ನು ಮುಟ್ಟಲೇ ಇಲ್ಲವೆನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಸ್ವಲ್ಪ ನಿಜವಿರುವುದುಂಟು. ಆದರೆ ಪೂರ್ತಿಯ ನಿಜವು ಮಾತಿನಿಂದ ಹೊರಬೀಳುವುದಿಲ್ಲ, ಪರೀಕ್ಷೆಯಿಂದ ಹೊರಬೀಳುತ್ತದೆ.

ಮೋಟಾರು ಗಾಡಿಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುವುದು. ಪೆಟ್ಟುಬಿದ್ದ ಗಾಡಿಯನ್ನು ಟಿಂಕರಿಂಗಿಗೆ ಕೊಟ್ಟು, ತಗಡನ್ನು ತಟ್ಟಿಸಿ, ಪುಟ್ಟಿ ಹಾಕಿಸಿ, ಬಣ್ಣ ಹೊಡೆಸಿ ಮನೆಗೆ ತಂದರೆ ಹೊರಗಿನ ಮೈ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಒಳಗೆ ಕುಳಿತು ಬಾನುಲಿಯ ಗುಂಡಿಯನ್ನು ಒತ್ತಿದರೆ ಹಾಡಿನ ಬದಲು ಗೊರಗೊರ ಶಬ್ದ. ಇದು ನಮಗೊಬ್ಬರಿಗೇ ಬಂದ ಕಷ್ಟವಲ್ಲ. ಗಾಡಿಯಿಟ್ಟುಕೊಂಡಿರುವ ಅನೇಕ ಮನೆಗಳಲ್ಲಿ ಇದನ್ನು ಕೇಳಿದ್ದೇವೆ. ನಮ್ಮ ಮನೆಯಲ್ಲಿ ನಡೆದ ಸಂಗತಿಯಿಂದ ವಾಚಕರಿಗೆ ಏನಾದರೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಗಾಡಿಯಲ್ಲಿ ಹಾಡು ಇಲ್ಲದಿದ್ದರೆ ಏನು ಮುಳುಗಿತು, ಚಕ್ರ ಉರುಳಿದರೆ ಸಾಲದೆ ಎಂದು ಕೆಲವರು ಕೇಳಬಹುದು. ಅವರಿಗೆ ನಮ್ಮ ತಾಯಿಯವರ ವಿಷಯವನ್ನು ಹೇಳಬೇಕು. ಅವರಿಗೆ ಈಗ 84 ವರ್ಷ. ಕಣ್ಣಿನ ಬೇನೆಯಿಂದ ದೃಷ್ಟಿ ಬಹಳ ಮಟ್ಟಿಗೆ ಮಂಜಾಗಿದೆ. ಮುಖಗಳನ್ನು ದನಿಯಿಂದ ಗುರುತಿಸುತ್ತಾರೆ. ಹೊತ್ತನ್ನು ಬಾನುಲಿಯಿಂದ ತಿಳಿಯುತ್ತಾರೆ. ಅವರ ತವರು ಕೃಷ್ಣರಾಜಪೇಟೆಯ ಕಡೆ, ಕಿಕ್ಕೇರಿಗೆ ಹತ್ತಿರದ ಹಳ್ಳಿ. ನಮ್ಮ ಮಗಳನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ನಾವಿರುವುದು ಪಾಂಡವಪುರದಲ್ಲಿ. ತಿಂಗಳಿಗೆ ಒಂದೆರಡು ಸಲವಾದರೂ ಈ ಊರುಗಳ ನಡುವೆ ಓಡಾಟವಿದ್ದೇ ಇರುತ್ತದೆ. ಕಿಟಕಿಯ ಹೊರಗಿನ ಗದ್ದೆಯೂ ತೆಂಗಿನ ತೋಟವೂ ಕಾಣದವರಿಗೆ ಪ್ರಯಾಣದಲ್ಲಿ ಉಳಿಯುವುದು ಕಿವಿಗೆ ಬೀಳುವುದಷ್ಟೆ. ಕಿಕ್ಕೇರಿಯು 1915ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಊರು. 1942ರಲ್ಲಿ ಹೊರಬಂದ ಅವರ ‘ಮೈಸೂರ ಮಲ್ಲಿಗೆ’ಯ ಹಾಡುಗಳನ್ನು ಕೇಳುತ್ತ ಆ ದಾರಿಯಲ್ಲಿ ಹೋಗುವುದೆಂದರೆ ತಾಯಿಯವರಿಗೆ ತವರಿನ ಬಾಗಿಲನ್ನು ಒಮ್ಮೆ ತೆರೆದು ನೋಡಿದಷ್ಟು ಸಂತೋಷ.

ನಮ್ಮ ಸೀಮೆಯವರಿಗೆ ಬಾನುಲಿಯ ಮೇಲೆ ಒಂದು ಬಗೆಯ ಮನೆಯ ಹಕ್ಕೇ ಇದೆಯೆನ್ನಬಹುದು. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ನಿಲಯವನ್ನು ನಡೆಸಲು ಮೊದಲುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಮುಂದೆ ಭಾರತದ ಬಾನುಲಿಗೆಲ್ಲ ಅದೇ ಹೆಸರಾಯಿತು. ಮೈಸೂರು ಆಕಾಶವಾಣಿಯನ್ನು ಈಗ ಎಫ್. ಎಂ. 100.6ರಲ್ಲಿ ಕೇಳುತ್ತೇವೆ. ನಮ್ಮ ಗಾಡಿಯ ಬಾನುಲಿ ಹೆಚ್ಚು ಹೊತ್ತು ನಿಂತಿರುವುದು ಆ ಅಂಕಿಯ ಮೇಲೆಯೇ.

ಕಳೆದ ಸಲ ಕಬ್ಬು ಕಡಿಯುವ ಕಾಲದಲ್ಲಿ ಚಿನಕುರಳಿಯ ಮೇಲೆ ಕೃಷ್ಣರಾಜಪೇಟೆಗೆ ಹೊರಟಿದ್ದೆವು. ದಾರಿಗೆ ಅಡ್ಡವಾಗಿ ಬಂದ ದನದ ಹಿಂಡಿಗೆ ಜಾಗ ಬಿಟ್ಟು ನಿಂತಿದ್ದಾಗ ಹಿಂದಿನಿಂದ ಕಬ್ಬು ಹೇರಿಕೊಂಡು ಬರುತ್ತಿದ್ದ ಟ್ರಾಕ್ಟರು ಹೊರೆಯ ಭಾರಕ್ಕೆ ತಡೆಯಲಾರದೆ ನಮ್ಮ ಗಾಡಿಯ ಎಡಹಿಂಭಾಗಕ್ಕೆ ತಾಗಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. ತಗಡು ಒಳಕ್ಕೆ ಹೋಯಿತು, ದೀಪದ ಗಾಜು ಒಡೆಯಿತು, ಡಿಕ್ಕಿಯ ಮುಚ್ಚಳ ಓರೆಯಾಯಿತು. ಹತ್ತಿರದ ಪೇಟೆಯ ಒಂದು ಗ್ಯಾರೇಜಿಗೆ ಗಾಡಿಯನ್ನು ಕೊಟ್ಟೆವು. ಒಂಬತ್ತನೆಯ ದಿನ ಗಾಡಿ ಮರಳಿ ಬಂದಿತು. ಕೆಲಸ ಅಚ್ಚುಕಟ್ಟಾಗಿದ್ದಿತು. ಹೊಸ ಬಣ್ಣ ಯಾವುದು, ಹಳೆಯ ಬಣ್ಣ ಯಾವುದು ಎಂದು ತಿಳಿಯದಂತೆ ಮಾಡಿದ್ದರು.

ಇಲ್ಲಿ ಒಂದು ವಿವರವನ್ನು ಹೇಳಬೇಕು. ನಮ್ಮ ಮಗನು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವುದಕ್ಕೆ ಮುಂಚೆ, ಅಜ್ಜಿಗೆ ಹಾಡು ಚೆನ್ನಾಗಿ ಕೇಳಿಸಲೆಂದು ಡಿಕ್ಕಿಯಲ್ಲಿ ಒಂದು ಆಂಪ್ಲಿಫೈಯರನ್ನು ಕೂರಿಸಿ, ಹಿಂದಿನ ಎರಡು ಸ್ಪೀಕರುಗಳನ್ನು ಅದಕ್ಕೆ ಸೇರಿಸಿದ್ದನು. ಮುಂದಿನ ಸ್ಪೀಕರುಗಳು ನೇರವಾಗಿ ಬಾನುಲಿಯ ಪೆಟ್ಟಿಗೆಗೆ ಸೇರಿದ್ದವು. ಗ್ಯಾರೇಜಿನಿಂದ ಬಂದ ಮೇಲೆ ಮುಂದಿನವು ಒಂದು ತರಹ ಹಾಡುತ್ತಿದ್ದವು. ಹಿಂದಿನವು ಒಮ್ಮೆ ಹಾಡುವುವು, ಒಮ್ಮೆ ಸುಮ್ಮನಾಗುವುವು. ಹಾಡಿದಾಗಲೂ ಅದರ ಜೊತೆಗೆ ಕುಂಯ್ ಎಂಬ ಒಂದು ಎಳೆ. ಎಂಜಿನ್ನಿನ ವೇಗ ಹೆಚ್ಚಿದಂತೆ ಆ ಎಳೆಯೂ ಮೇಲಕ್ಕೇರುವುದು, ವೇಗ ತಗ್ಗಿದಂತೆ ಇಳಿಯುವುದು. ತಾಯಿಯವರು ಕೂರುವುದು ಹಿಂದಿನ ಆಸನದಲ್ಲಿ. ಅವರ ಪಾಲಿಗೆ ಬಾನುಲಿ ಇದ್ದೂ ಇಲ್ಲದಂತಾಯಿತು.

ಮನೆಯಲ್ಲಿ ಬಗೆಬಗೆಯ ಅಭಿಪ್ರಾಯಗಳು ಎದ್ದವು. ಮೈಸೂರಿನಿಂದ ಬಂದಿದ್ದ ನಮ್ಮ ಭಾವನವರು, “ಇದರಲ್ಲಿ ತಿಳಿಯುವುದೇನಿದೆ? ಗ್ಯಾರೇಜಿನ ಹುಡುಗರು ಒಳ್ಳೆಯ ಸ್ಪೀಕರನ್ನು ಬಿಚ್ಚಿಕೊಂಡು ಯಾವುದೋ ಹಳೆಯದನ್ನು ಹಾಕಿದ್ದಾರೆ. ನಾಳೆಯೇ ಹೋಗಿ ಕೇಳಿ” ಎಂದರು. ಪಕ್ಕದ ಮನೆಯ ತರುಣನು ಫ್ಯೂಸು ಸಣ್ಣದಾಯಿತು, ದೊಡ್ಡದು ಹಾಕಿದರೆ ಸರಿಹೋಗುವುದೆಂದನು. ಅಂಗಡಿಯವರೊಬ್ಬರು ಗಾಡಿಯನ್ನು ನೋಡದೆಯೇ, ಪೆಟ್ಟಿಗೆ ಹೋಗಿದೆಯೆಂದು ನಿಶ್ಚಯಿಸಿ ಹೊಸದರ ಬೆಲೆಯನ್ನೂ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮ ಹಿರಿಯರಲ್ಲಿ ಸುಮ್ಮನೆ ಹುಟ್ಟಲಿಲ್ಲ. ಬರೆಯ ನೋವನ್ನು ಉಣ್ಣುವುದು ಎಮ್ಮೆ. ಜ್ವರ ಮಾತ್ರ ಎತ್ತಿನ ಮೈಯಲ್ಲಿ ಹಾಗೆಯೇ ಉಳಿಯುವುದು. ಇಲ್ಲಿ ಬರೆ ಬೀಳಲಿದ್ದುದು ದಿನಗೂಲಿಯಿಂದ ಮನೆ ನಡೆಸುವ ಒಬ್ಬ ಹುಡುಗನ ಮೇಲೆ. ಕಳ್ಳನೆಂಬ ಮಾತು ಒಮ್ಮೆ ಗ್ಯಾರೇಜಿನ ಯಜಮಾನನ ಕಿವಿಗೆ ಬಿದ್ದರೆ ಆಮೇಲೆ ಸ್ಪೀಕರು ಸರಿಹೋದರೂ ಆ ಹುಡುಗನ ಹೆಸರು ಸರಿಹೋಗುವುದು ಕಷ್ಟ. ಆದುದರಿಂದ ಪರೀಕ್ಷೆಯಾಗುವವರೆಗೆ ಯಾರನ್ನೂ ಕೇಳುವುದು ಬೇಡ, ಏನನ್ನೂ ಕೊಳ್ಳುವುದು ಬೇಡವೆಂದು ನಾವೂ ನಮ್ಮ ಮನೆಯವರೂ ನಿಶ್ಚಯಿಸಿದೆವು.

ಪರೀಕ್ಷೆಯ ಕ್ರಮವನ್ನು ಹೇಳುವ ಮುಂಚೆ ಗಾಡಿಯಲ್ಲಿ ವಿದ್ಯುತ್ತು ಹರಿಯುವ ರೀತಿಯನ್ನು ತಿಳಿಯಬೇಕು. ನಮ್ಮ ಜಿಲ್ಲೆಯವರಿಗೆ ಇದೇನೂ ಹೊರಗಿನ ವಿದ್ಯೆಯಲ್ಲ. ಶಿವನಸಮುದ್ರದ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿಯೇ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹೋಯಿತು. ಎಷ್ಟು ದೂರ ಹೋದರೂ ವಿದ್ಯುತ್ತಿಗೆ ಒಂದು ನಿಯಮವಿದೆ: ಹೋಗುವುದಕ್ಕೆ ಒಂದು ದಾರಿ ಬೇಕು, ಹಿಂದಿರುಗುವುದಕ್ಕೆ ಇನ್ನೊಂದು ದಾರಿ ಬೇಕು. ಗಾಡಿಯಲ್ಲಿ ಬ್ಯಾಟರಿಯ ಧನಾಗ್ರದಿಂದ ಹೊರಟ ವಿದ್ಯುತ್ತು ತಂತಿಯ ಮೂಲಕ ದೀಪಕ್ಕೋ ಬಾನುಲಿಗೋ ಹೋಗುತ್ತದೆ. ಹಿಂದಿರುಗುವುದಕ್ಕೆ ಉದ್ದವಾದ ಬೇರೆ ತಂತಿ ಇರುವುದಿಲ್ಲ. ಗಾಡಿಯ ಕಬ್ಬಿಣದ ಮೈಯೇ ಹಿಂದಿರುಗುವ ದಾರಿ. ಪ್ರತಿಯೊಂದು ದೀಪದಿಂದಲೂ ಯಂತ್ರದಿಂದಲೂ ಒಂದು ಗಿಡ್ಡ ತಂತಿ ಹೊರಟು ಹತ್ತಿರದ ತಗಡಿಗೆ ಬೋಲ್ಟಿನಿಂದ ಬಿಗಿದಿರುತ್ತದೆ. ಕೆಲಸಗಾರರು ಅದನ್ನು ಅರ್ತ್ ಎಂದು ಕರೆಯುತ್ತಾರೆ.

ಈಗ ಟಿಂಕರಿಂಗಿನಲ್ಲಿ ನಡೆಯುವುದೇನೆಂಬುದನ್ನು ಯೋಚಿಸಿ ನೋಡಿ. ತಗಡನ್ನು ತಟ್ಟುವುದಕ್ಕೆ ದೀಪವನ್ನು ಬಿಚ್ಚಬೇಕು. ಅರ್ತಿನ ಬೋಲ್ಟನ್ನೂ ಬಿಚ್ಚಬೇಕು. ತಟ್ಟಿದ ಮೇಲೆ ತುಕ್ಕು ಹಿಡಿಯದಂತೆ ಪ್ರೈಮರು, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಲೇಪ. ಇವು ಕಬ್ಬಿಣವನ್ನು ಕಾಪಾಡುತ್ತವೆ. ಆದರೆ ಇವುಗಳ ಮೂಲಕ ವಿದ್ಯುತ್ತು ಹರಿಯದು. ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಬೋಲ್ಟನ್ನು ಬಿಗಿದರೆ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಕೈಯಿಂದ ಅಲುಗಿಸಿದರೂ ತಂತಿ ಭದ್ರವಾಗಿಯೇ ಇರುತ್ತದೆ. ಒಳಗೆ ಮಾತ್ರ ದಾರಿ ಕಟ್ಟಿಹೋಗಿರುತ್ತದೆ. ಬೋಲ್ಟಿನ ಮರೆಯಲ್ಲಿ ಎಲ್ಲೋ ಕೂದಲೆಳೆಯಷ್ಟು ಕಬ್ಬಿಣಕ್ಕೆ ಕಬ್ಬಿಣ ತಾಗಿದ್ದರೆ ಅಷ್ಟರಲ್ಲಿಯೇ ಎಲ್ಲ ವಿದ್ಯುತ್ತೂ ನುಸುಳಬೇಕು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಲಾಯಿಯವನು ಮೊದಲು ಪಾತ್ರೆಯನ್ನು ಉಜ್ಜಿ ಕಿಲುಬನ್ನು ತೆಗೆದು ಕೆಂಪು ತಾಮ್ರ ಕಾಣುವಂತೆ ಮಾಡುತ್ತಾನೆ. ಹಾಗೆ ಮಾಡದಿದ್ದರೆ ತವರ ಹಿಡಿಯುವುದಿಲ್ಲ. ಅರ್ತಿನ ತಂತಿಯೂ ಹಾಗೆಯೇ. ಬರಿಯ ಲೋಹವನ್ನಲ್ಲದೆ ಬೇರೆಯದನ್ನು ಅದು ಒಪ್ಪುವುದಿಲ್ಲ.

ಶ್ರೀರಂಗಪಟ್ಟಣದಲ್ಲಿ ಗಾಡಿಯ ವಿದ್ಯುತ್ ಕೆಲಸದಲ್ಲಿ ನುರಿತ ವೃದ್ಧರೊಬ್ಬರಿದ್ದಾರೆ. ಒಂದು ಭಾನುವಾರ ಅವರಲ್ಲಿಗೆ ಹೊರಟೆವು. ರಂಗನಾಥಸ್ವಾಮಿಯ ದರ್ಶನವೂ ಆಗಲೆಂದು ತಾಯಿಯವರೂ ಬಂದರು. ದಾರಿಯಲ್ಲಿ ಅವರು ಎಂದಿನಂತೆ ಸುಮ್ಮನೆ ಕುಳಿತು ಆ ಹರಕು ಹಾಡನ್ನೇ ಕೇಳುತ್ತಿದ್ದರು. ಊರು ಸಮೀಪಿಸಿದಾಗ, “ಅಲ್ಲಪ್ಪಾ, ಗಾಡಿ ನಿಲ್ಲುವ ಮುಂಚೆಯೇ ಹಾಡು ನಿಂತುಹೋಗುತ್ತದಲ್ಲ, ಅದು ಏಕೆ?” ಎಂದು ಕೇಳಿದರು. ಮುಂದೆ ಕುಳಿತ ನಮಗೆ ಅದು ತಿಳಿದಿರಲಿಲ್ಲ. ಮುಂದಿನ ಸ್ಪೀಕರುಗಳು ಹಾಡುತ್ತಲೇ ಇದ್ದವು. ಆಮೇಲೆ ಗಮನವಿಟ್ಟು ಕೇಳಿದೆವು. ಅವರು ಹೇಳಿದುದು ನಿಜವಾಗಿತ್ತು. ಬ್ರೇಕಿನ ಮೇಲೆ ಕಾಲಿಟ್ಟೊಡನೆಯೇ ಹಿಂದಿನ ಹಾಡು ಅಡಗುವುದು. ಕಾಲನ್ನು ತೆಗೆದರೆ ಮತ್ತೆ ಬರುವುದು.

ಆ ವೃದ್ಧರು ಗಾಡಿಯ ಮುಂದೆ ನಿಂತೊಡನೆ ಯಾವುದನ್ನೂ ಬಿಚ್ಚಲಿಲ್ಲ. ಮೊದಲು ಮೀಟರನ್ನು ತೆಗೆದು ಬ್ಯಾಟರಿಗೆ ಹಿಡಿದರು. ಎಂಜಿನ್ನು ನಿಂತಿರುವಾಗ 12.6 ವೋಲ್ಟು, ಓಡುತ್ತಿರುವಾಗ 14.1 ವೋಲ್ಟು. “ತಾಯಿಬೇರು ಸರಿಯಾಗಿದೆ, ಸ್ವಾಮಿ” ಎಂದರು. ಎರಡನೆಯದಾಗಿ ಫ್ಯೂಸುಗಳನ್ನು ನೋಡಿದರು. ಫ್ಯೂಸುಗಳು ಒಂದೇ ಕಡೆ ಇರುವುದಿಲ್ಲ. ಗಾಡಿಯ ಪೆಟ್ಟಿಗೆಯಲ್ಲಿ ಒಂದು, ಬಾನುಲಿಯ ಬೆನ್ನಿನಲ್ಲಿ ಒಂದು, ಆಂಪ್ಲಿಫೈಯರಿಗಾಗಿ ಬ್ಯಾಟರಿಯ ಬಳಿ ಮತ್ತೊಂದು. ಯಾವುದೂ ಸುಟ್ಟಿರಲಿಲ್ಲ. ಪಕ್ಕದ ಮನೆಯ ತರುಣನ ಸಲಹೆಯನ್ನು ಹೇಳಿದಾಗ ಅವರು ತಲೆಯಾಡಿಸಿ, “10 ಆಂಪಿಯರಿನ ಜಾಗದಲ್ಲಿ 30ರದ್ದನ್ನು ಹಾಕಿದರೆ ಫ್ಯೂಸು ಸುಡುವ ಬದಲು ತಂತಿ ಸುಡುತ್ತದೆ. ಆಮೇಲೆ ಗಾಡಿಯೇ ಸುಡುತ್ತದೆ” ಎಂದರು.

ಮೂರನೆಯದಾಗಿ ಬಾನುಲಿಯ ಪೆಟ್ಟಿಗೆಯನ್ನು ಹೊರಕ್ಕೆ ಎಳೆದು ಅದರ ತಂತಿಗಳನ್ನು ನೋಡಿದರು. ಸಾಮಾನ್ಯವಾಗಿ ಹಳದಿಯ ತಂತಿ ಯಾವಾಗಲೂ ವಿದ್ಯುತ್ತನ್ನು ತರುತ್ತದೆ. ಗಡಿಯಾರವೂ ನಿಲಯದ ಅಂಕಿಯೂ ನೆನಪಿರುವುದು ಅದರಿಂದ. ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ತರುತ್ತದೆ. ಕಪ್ಪಿನದು ಅರ್ತ್. ಆದರೆ ಗಾಡಿಯಿಂದ ಗಾಡಿಗೆ ಬಣ್ಣ ಬೇರೆಯಾಗಬಹುದಾದ್ದರಿಂದ, ಬಣ್ಣವನ್ನು ನಂಬದೆ ಮೀಟರನ್ನು ನಂಬಬೇಕೆಂದು ಅವರ ಮಾತು. ಇಲ್ಲಿ ಮೂರೂ ಸರಿಯಾಗಿದ್ದವು. ಪೆಟ್ಟಿಗೆಯಲ್ಲಿ ದೋಷವಿಲ್ಲವೆಂದು ತಿಳಿದು ಅಂಗಡಿಯವರು ಹೇಳಿದ್ದ ಬೆಲೆಯೂ ನಮಗೆ ಉಳಿಯಿತು.

ನಾಲ್ಕನೆಯದು ಸ್ಪೀಕರು. ಹಿಂದಿನ ಎರಡನ್ನೂ ಬಿಚ್ಚಿ, ತಂತಿಯನ್ನು ಕಳಚಿ, ಮೀಟರನ್ನು ಹಿಡಿದರು. 4 ಓಮಿನ ಸ್ಪೀಕರಿಗೆ ಮೀಟರಿನಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಕಾಣುವುದು ವಾಡಿಕೆ. ಎರಡರಲ್ಲಿಯೂ ಹಾಗೆಯೇ ಕಂಡಿತು. ಸ್ಪೀಕರಿನ ತಂತಿಗಳಲ್ಲಿ ಒಂದಾದರೂ ಬಾಗಿಲಿನ ತಗಡಿಗೆ ಸಿಕ್ಕಿ ಸಿಪ್ಪೆ ಹರಿದು ಕಬ್ಬಿಣಕ್ಕೆ ತಾಗಿದ್ದರೆ ಆಂಪ್ಲಿಫೈಯರು ತನ್ನನ್ನು ತಾನು ಕಾಪಾಡಿಕೊಳ್ಳಲು ಬಾಯಿ ಮುಚ್ಚಿಕೊಳ್ಳುತ್ತದೆ. ಟಿಂಕರಿಂಗಿನ ನಂತರ ಇದೂ ಆಗುವುದುಂಟು. ಅದನ್ನೂ ಅಳೆದು ನೋಡಿದರು, ತಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಎರಡು ಸ್ಪೀಕರುಗಳ ಬೆನ್ನಿನ ಮೇಲೂ ನಮ್ಮ ಮಗನು ಶಾಯಿಯಲ್ಲಿ ಬರೆದಿದ್ದ ತಾರೀಖು ಹಾಗೆಯೇ ಇದ್ದಿತು. ಅವನ ಕೈಬರಹ ನಮಗೆ ಗೊತ್ತು. ಯಾರೂ ಏನನ್ನೂ ಬದಲಾಯಿಸಿರಲಿಲ್ಲ. ಆ ಬರಹವನ್ನು ಕಂಡ ಗಳಿಗೆಯಲ್ಲಿ ನಮ್ಮ ಎದೆಯ ಮೇಲಿನ ಭಾರ ಇಳಿಯಿತು.

ಆಮೇಲೆ ತಾಯಿಯವರ ಮಾತನ್ನು ಅವರಿಗೆ ತಿಳಿಸಿದೆವು. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು ನಕ್ಕರು. “ಅಮ್ಮನವರು ಅರ್ಧ ಕೆಲಸವನ್ನು ಮುಗಿಸಿಟ್ಟಿದ್ದಾರಲ್ಲ! ಸ್ವಾಮಿ, ನೀವು ಬ್ರೇಕು ಒತ್ತಿಕೊಂಡು ಕುಳಿತಿರಿ” ಎಂದು ಹೇಳಿ ಗಾಡಿಯ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮನ್ನು ಕರೆದು, ಬ್ರೇಕಿನ ಮೇಲೆ ಬೇರೆಯವರನ್ನು ಕೂರಿಸಿ, ತೋರಿಸಿದರು. ಬಲಗಡೆಯ ಬ್ರೇಕು ದೀಪ ಕೆಂಡದಂತೆ ಉರಿಯುತ್ತಿದ್ದಿತು. ಎಡಗಡೆಯದು ಎಣ್ಣೆ ತೀರಿದ ಹಣತೆಯ ಹಾಗೆ ಮಂಕಾಗಿದ್ದಿತು. ಅದರ ಪಕ್ಕದಲ್ಲಿ, ಉರಿಯಬಾರದಾಗಿದ್ದ ತಿರುವಿನ ದೀಪವೂ ಸಣ್ಣಗೆ ಮಿಣುಕುತ್ತಿದ್ದಿತು. ಸರಿಯಾದ ದಾರಿ ಸಿಗದ ವಿದ್ಯುತ್ತು ಪಕ್ಕದ ದೀಪದೊಳಗಿನಿಂದ ದಾರಿ ಹುಡುಕಿಕೊಂಡು ಹೋಗುತ್ತಿರುವ ಲಕ್ಷಣ ಅದು.

ಎಡಗಡೆಯ ದೀಪಕ್ಕೂ ಆಂಪ್ಲಿಫೈಯರಿಗೂ ಒಂದೇ ಬೋಲ್ಟಿನಲ್ಲಿ ಅರ್ತ್ ಕೊಡಲಾಗಿತ್ತು. ಅದು ಇದ್ದುದು ಹೊಸದಾಗಿ ಬಣ್ಣ ಕಂಡ ತಗಡಿನ ಮೇಲೆ. ಮೀಟರಿನ ಒಂದು ಮುಳ್ಳನ್ನು ಉದ್ದನೆಯ ತಂತಿಯಿಂದ ಬ್ಯಾಟರಿಯ ಋಣಾಗ್ರಕ್ಕೆ ಸೇರಿಸಿ, ಇನ್ನೊಂದನ್ನು ಆ ಬೋಲ್ಟಿನ ಕೆಳಗಿದ್ದ ತಂತಿಯ ಬಳೆಗೆ ಹಿಡಿದರು. ದಾರಿ ಸರಿಯಾಗಿದ್ದರೆ ಅಲ್ಲಿ ಹೆಚ್ಚೆಂದರೆ ವೋಲ್ಟಿನ ಹತ್ತನೆಯ ಒಂದು ಎರಡು ಪಾಲು ಕಾಣಬೇಕು. ಕಂಡದ್ದು ಎರಡೂವರೆ ವೋಲ್ಟು. ತಂತಿಯನ್ನು ತುಂಡುಮಾಡಿ ನೋಡುವುದಕ್ಕಿಂತ, ಕೆಲಸ ನಡೆಯುತ್ತಿರುವಾಗಲೇ ಹೀಗೆ ಅಳೆಯುವುದು ಒಳ್ಳೆಯದೆಂದು ಅವರು ಹೇಳಿದರು. ಏಕೆಂದರೆ ಕೂದಲೆಳೆಯಷ್ಟು ಸಂಪರ್ಕವಿದ್ದರೂ ಸುಮ್ಮನಿರುವ ತಂತಿಯಲ್ಲಿ ಮೀಟರು ಎಲ್ಲವೂ ಸರಿಯೆಂದೇ ಹೇಳುವುದು. ಭಾರ ಬಿದ್ದಾಗ ತಾನೆ ಹಗ್ಗದ ಬಲ ತಿಳಿಯುವುದು!

ಬ್ಯಾಟರಿಯ ಋಣಾಗ್ರವನ್ನು ಕಳಚಿ, ಬೋಲ್ಟನ್ನು ಬಿಚ್ಚಿದರು. ಅದರ ಅಡಿಯಲ್ಲಿ ಬಣ್ಣ ನಯವಾಗಿ ಕುಳಿತಿದ್ದಿತು. ಒಂದು ರೂಪಾಯಿಯಗಲದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ, ಬಿಳಿಯ ಲೋಹ ಹೊಳೆಯುವಂತೆ ಮಾಡಿದರು. ತಂತಿಯ ಬಳೆಯನ್ನೂ ಉಜ್ಜಿದರು. ಆಂಪ್ಲಿಫೈಯರಿಗೆ ಬೇರೆ ಬೋಲ್ಟನ್ನು ಗೊತ್ತುಮಾಡಿ ಅಲ್ಲಿಯೂ ಹಾಗೆಯೇ ಮಾಡಿದರು. ಎರಡನ್ನೂ ಬಿಗಿದ ಮೇಲೆ, ಮತ್ತೆ ತುಕ್ಕು ಹಿಡಿಯದಂತೆ ಮೇಲುಗಡೆ ಮಾತ್ರ ಗ್ರೀಸನ್ನು ಸವರಿದರು. ಈಗ ಮೀಟರಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಅಂಕಿ. ಕುಂಯ್ ಎನ್ನುವ ಎಳೆ ಹೋಗಿದ್ದಿತು. ಅದಕ್ಕೆ ಕಾರಣವನ್ನೂ ಅವರು ವಿವರಿಸಿದರು: ಅರ್ತ್ ಸಿಗದ ಆಂಪ್ಲಿಫೈಯರು, ಬಾನುಲಿಯಿಂದ ಹಾಡನ್ನು ತರುವ ಸಣ್ಣ ತಂತಿಯ ಹೊರಸುತ್ತನ್ನೇ ಹಿಂದಿರುಗುವ ದಾರಿಯಾಗಿ ಹಿಡಿದಿದ್ದಿತು. ಎಂಜಿನ್ನು ಹುಟ್ಟಿಸುವ ವಿದ್ಯುತ್ತಿನ ಗದ್ದಲವೆಲ್ಲ ಅದರಿಂದಲೇ ಹಾಡಿಗೆ ಬೆರೆಯುತ್ತಿದ್ದಿತು. ಇನ್ನೂ ಕೆಲವು ತಿಂಗಳು ಹಾಗೆಯೇ ಬಿಟ್ಟಿದ್ದರೆ ಬಾನುಲಿಯ ಪೆಟ್ಟಿಗೆಯೂ ನಿಜವಾಗಿಯೇ ಸುಡಬಹುದಾಗಿತ್ತಂತೆ.

ಹಾಡು ಬಂದಿತೆಂದು ನಾವು ಸಂತೋಷಪಟ್ಟೆವು. ಆದರೆ ಅವರ ಮುಖದಲ್ಲಿ ಸಂತೋಷಕ್ಕಿಂತ ಗಾಂಭೀರ್ಯ ಹೆಚ್ಚಾಗಿದ್ದಿತು. “ಹಾಡಿನ ಮಾತು ಇರಲಿ ಸ್ವಾಮಿ. ಈ ದೀಪವನ್ನಿಟ್ಟುಕೊಂಡು ರಾತ್ರಿ ನಾಗಮಂಗಲದ ದಾರಿಯಲ್ಲಿ ಓಡಾಡಿದ್ದೀರಲ್ಲ?” ಎಂದು ಕೇಳಿದರು. ಓಡಾಡಿದ್ದೆವು. ತಂತಿಯ ದೀಪಕ್ಕೆ ಸಿಗುವ ವೋಲ್ಟು ಐದರಲ್ಲಿ ಒಂದು ಪಾಲು ಕಡಿಮೆಯಾದರೆ ಅದರ ಬೆಳಕು ಐದರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುವುದಿಲ್ಲ, ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಪಾಂಡವಪುರದಿಂದ ಜಕ್ಕನಹಳ್ಳಿಯ ಮೇಲೆ ನಾಗಮಂಗಲಕ್ಕೆ ಹೋಗುವ ದಾರಿಯು, ಜೇವರ್ಗಿಯಿಂದ ಚಾಮರಾಜನಗರದವರೆಗೆ ಹಬ್ಬಿರುವ ದೊಡ್ಡ ಹೆದ್ದಾರಿಯ ಒಂದು ತುಂಡು. ಹಗಲು ರಾತ್ರಿಯೆನ್ನದೆ ಲಾರಿಗಳು ಓಡುತ್ತಿರುತ್ತವೆ. ಕಬ್ಬಿನ ಕಾಲದಲ್ಲಿ ಹೊರೆಹೊತ್ತ ಟ್ರಾಕ್ಟರುಗಳೂ ಸೇರಿಕೊಳ್ಳುತ್ತವೆ. ಮುಂದಿನ ಗಾಡಿ ನಿಲ್ಲುತ್ತಿದೆಯೆಂದು ಹಿಂದಿನವನಿಗೆ ಹೇಳುವ ಮಾತು ಆ ಕೆಂಪು ದೀಪವೊಂದೇ. ಹಿಂದಿನಿಂದ ಒಮ್ಮೆ ತಾಗಿಸಿಕೊಂಡ ಗಾಡಿ, ಅದರ ರಿಪೇರಿಯಿಂದಲೇ ಮತ್ತೊಮ್ಮೆ ತಾಗಿಸಿಕೊಳ್ಳುವ ಸ್ಥಿತಿಗೆ ಬಂದಿದ್ದಿತು. ಹಿಂದಿನ ಆಸನದಲ್ಲಿ ಕುಳಿತಿರುತ್ತಿದ್ದವರು ನಮ್ಮ ತಾಯಿಯವರು. ಕೆಲವು ಸಲ ಅವರ ಮಡಿಲಲ್ಲಿ ಮಗಳ ಮಗುವೂ ಇದ್ದಿತು.

ದೀಪವು ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ. ಗಾಡಿ ನಡೆಸುವವನು ತನ್ನ ಬೆನ್ನಿನ ದೀಪವನ್ನು ತಾನು ಕಾಣಲಾರನು. ಬಾನುಲಿ ಮಾತ್ರ ಆ ಬೋಲ್ಟಿನ ಕಷ್ಟವನ್ನು ದಿನವೂ ಕೂಗಿ ಹೇಳುತ್ತಿದ್ದಿತು. ಹೊಸ ಪೆಟ್ಟಿಗೆಯನ್ನು ಕೊಂಡು, ಅದಕ್ಕೆ ಮುಂದುಗಡೆಯೇ ಬೇರೆ ಸ್ಪೀಕರುಗಳನ್ನು ಸೇರಿಸಿ ಬಾಯಿಮುಚ್ಚಿಸಿದ್ದರೆ ಹಾಡು ಬರುತ್ತಿದ್ದಿತು. ದೀಪ ಹಾಗೆಯೇ ಮಂಕಾಗಿರುತ್ತಿದ್ದಿತು. ಸಣ್ಣ ತೊಂದರೆಯನ್ನು ಅಡಗಿಸುವುದು ಬೇರೆ, ಅದರ ಕಾರಣವನ್ನು ತಿಳಿಯುವುದು ಬೇರೆ ಎಂಬುದು ನಮಗೆ ಇದರಿಂದ ಚೆನ್ನಾಗಿ ಮನದಟ್ಟಾಯಿತು.

ಮಾರನೆಯ ದಿನ ಗ್ಯಾರೇಜಿಗೆ ಹೋಗಿ ಯಜಮಾನರಿಗೆ ವಿಷಯವನ್ನು ತಿಳಿಸಿದೆವು. ಜಗಳಕ್ಕೆಂದು ಹೋಗಲಿಲ್ಲ, ಮತ್ತೊಬ್ಬರ ಗಾಡಿಯೂ ಹೀಗೆಯೇ ಹೊರಟುಹೋಗಬಾರದಲ್ಲ ಎಂದು ಹೋದೆವು. ಅವರು ಮೊದಲು ಸ್ವಲ್ಪ ಬಿಗಿಯಾದರು. ನಾವು ಬೋಲ್ಟಿನ ಅಡಿಯಿಂದ ಕೆರೆದ ಬಣ್ಣದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಒಯ್ದಿದ್ದೆವು. ಅದನ್ನು ನೋಡಿ ಮೆತ್ತಗಾದರು. ಗಾಡಿಯನ್ನು ಜೋಡಿಸಿದ ಹುಡುಗನನ್ನು ಕರೆದರು. ಹದಿನೆಂಟು ಹತ್ತೊಂಬತ್ತರ ವಯಸ್ಸು. ಬಣ್ಣವು ವಿದ್ಯುತ್ತನ್ನು ತಡೆಯುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಬಣ್ಣ ಕೆರೆದರೆ ಯಜಮಾನರು ಬಯ್ಯುತ್ತಾರೆ ಅಂದ್ಕೊಂಡೆ ಸ್ವಾಮಿ” ಎಂದನು. ಅವನ ಮಾತಿನಲ್ಲಿಯೂ ನ್ಯಾಯವಿದ್ದಿತು. ಬಣ್ಣವನ್ನು ಕಾಪಾಡಬೇಕೆಂದು ಕಲಿಸಿದವರು, ಎಲ್ಲಿ ಕಾಪಾಡಬಾರದೆಂಬುದನ್ನು ಕಲಿಸಿರಲಿಲ್ಲ. ನಮ್ಮ ಭಾವನವರ ಅನುಮಾನವು ಅಲ್ಲಿಯವರೆಗೆ ನಮ್ಮ ಮನೆಯ ಹೊಸ್ತಿಲನ್ನು ದಾಟಿರಲಿಲ್ಲ, ದಾಟದೆಯೇ ಉಳಿಯಿತು.

ಈ ಅನುಭವದಿಂದ ಹುಟ್ಟಿದ ಕೆಲವು ಸೂಚನೆಗಳನ್ನು ವಾಚಕರ ಮುಂದಿಡುತ್ತೇವೆ. ಗಾಡಿಯನ್ನು ಟಿಂಕರಿಂಗಿಗೆ ಕೊಡುವ ಮುಂಚೆ ದೀಪ, ಹಾರನ್ನು, ಬಾನುಲಿ ಎಲ್ಲವನ್ನೂ ಒಮ್ಮೆ ನಡೆಸಿ ನೋಡಿ, ಸರಿಯಿದ್ದುದು ಯಾವುದು, ಕೆಟ್ಟಿದ್ದುದು ಯಾವುದು ಎಂದು ಚೀಟಿಯಲ್ಲಿ ಬರೆದು ಇಬ್ಬರೂ ನೋಡಿಕೊಳ್ಳುವುದು ಒಳ್ಳೆಯದು. ತಗಡನ್ನು ಬೆಸೆಯುವುದಿದ್ದರೆ ಬ್ಯಾಟರಿಯನ್ನು ಕಳಚಲೇಬೇಕು. ಹಾಗೆ ಕಳಚಿದ ಮೇಲೆ ಕೆಲವು ಜಾತಿಯ ಬಾನುಲಿಗಳು ಗುಟ್ಟಿನ ಅಂಕಿಯನ್ನು ಕೇಳುತ್ತವೆ. ಆ ಅಂಕಿ ಗಾಡಿಯ ಕೈಪಿಡಿಯ ಜೊತೆಗಿರುವ ಚೀಟಿಯಲ್ಲಿರುವುದುಂಟು. ಅದನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ಅಂಕಿ ಕೇಳುವ ಬಾನುಲಿ ಕೆಟ್ಟದ್ದಲ್ಲ. ಮಾಳಿಗೆಗೆ ಬಣ್ಣ ಹೊಡೆಸಿದ ಮೇಲೆ ನಿಲಯಗಳು ಕ್ಷೀಣವಾಗಿ ಕೇಳಿಸಿದರೆ ಏರಿಯಲ್ಲಿನ ಬುಡವನ್ನು ನೋಡಬೇಕು. ಅದಕ್ಕೂ ಬರಿಯ ಲೋಹದ ಆಸರೆ ಬೇಕು. ಡಿಕ್ಕಿಯ ಮುಚ್ಚಳವನ್ನು ಎತ್ತಿ ಇಳಿಸಿದಾಗ ಶಬ್ದ ಕಡಿದರೆ, ಕೀಲಿನ ಬಳಿಯ ರಬ್ಬರು ಕೊಳವೆಯೊಳಗಿನ ತಂತಿ ಮುರಿದಿರಬಹುದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಿ ನೋಡಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿದರೆ, ರೋಗ ವಾಸಿಯಾದರೂ ಯಾವ ಔಷಧದಿಂದ ವಾಸಿಯಾಯಿತೆಂದು ತಿಳಿಯದು.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕು. ಈಗಿನ ಗಾಡಿಗಳಲ್ಲಿ ಅಪಘಾತದ ಹೊತ್ತಿನಲ್ಲಿ ಉಬ್ಬಿ ಕಾಪಾಡುವ ಏರ್‌ಬ್ಯಾಗುಗಳಿರುತ್ತವೆ. ಅವುಗಳ ತಂತಿಗಳು ಸಾಮಾನ್ಯವಾಗಿ ಹಳದಿಯ ಹೊದಿಕೆಯಲ್ಲಿ, ಹಳದಿಯ ಪ್ಲಗ್ಗಿನೊಡನೆ ಇರುತ್ತವೆ. ಅವುಗಳಿಗೆ ಮೀಟರನ್ನಾಗಲಿ ಪರೀಕ್ಷೆಯ ದೀಪವನ್ನಾಗಲಿ ಹಿಡಿಯಲೇಬಾರದು. ಬಾನುಲಿಯ ತಂತಿಯನ್ನು ಹುಡುಕುತ್ತ ಅದನ್ನು ಮುಟ್ಟಿದರೆ ಪ್ರಾಣಕ್ಕೆ ಅಪಾಯವಾದೀತು. ಅಲ್ಲಿಂದ ಮುಂದಿನ ಕೆಲಸ ಬಲ್ಲವರದು.

ಗ್ಯಾರೇಜಿನ ಆ ಹುಡುಗನು ಈಗ ತನ್ನ ಪೆಟ್ಟಿಗೆಯಲ್ಲಿ ಉಪ್ಪುಕಾಗದದ ಚೂರೊಂದನ್ನು ಇಟ್ಟುಕೊಂಡಿದ್ದಾನೆ. ಗಾಡಿಯನ್ನು ಯಜಮಾನರಿಗೆ ಒಪ್ಪಿಸುವ ಮುಂಚೆ ಒಬ್ಬನನ್ನು ಬ್ರೇಕಿನ ಮೇಲೆ ಕೂರಿಸಿ ತಾನು ಹಿಂದೆ ಹೋಗಿ ನಿಲ್ಲುತ್ತಾನೆ. ಇದು ಎರಡು ನಿಮಿಷದ ಕೆಲಸ. ಇದಕ್ಕೆ ಮೀಟರೂ ಬೇಡ, ವಿದ್ಯೆಯ ಗರ್ವವೂ ಬೇಡ. ಗಾಡಿಯುಳ್ಳ ವಾಚಕರು ಇಂದು ಕತ್ತಲಾದ ಮೇಲೆ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಇದನ್ನು ಮಾಡಿ ನೋಡಲೆಂದು ಕೋರುತ್ತೇವೆ. ಎರಡು ದೀಪಗಳೂ ಸಮನಾಗಿ ಉರಿದರೆ ನೆಮ್ಮದಿಯಿಂದ ಊಟಕ್ಕೇಳಬಹುದು.